ವಿನ್ಸ್ ಗಾರ್ಸೈಡ್‌ನನ್ನು ಎಲ್ಲಿಂದ ಕೇಳಬೇಕು

ಗ್ರಿಮ್ಸ್‌ಬಿ
11 ಜನವರಿ 2009

ಶ್ರೀ ನಾರಿಸ್ ಟಲ್ಲಿ ಅವರಿಗೆ,

ನಿಮ್ಮ ವಿಳಾಸ ಕೊಟ್ಟವರು ನನ್ನ ತಂದೆ ಇರುವ ವೃದ್ಧಾಶ್ರಮದ ಮೇಟ್ರನ್. ತಂದೆಗೆ ಬರುವ ಟಪಾಲು ನಿಮ್ಮ ಅಭಿಮಾನಿ ಬಳಗದ ಪತ್ರಿಕೆ ಒಂದೇ, ಅದೂ ಬಿಚ್ಚದೆ ಬಿದ್ದಿರುತ್ತದೆ ಎಂದರು. ನಾನು ವಿನ್ಸ್ ಗಾರ್ಸೈಡ್ ಅವರ ಮಗಳು. ಹಾಗೊಬ್ಬಳಿದ್ದಾಳೆಂದು ನಿಮ್ಮ ಪತ್ರಿಕೆಯಲ್ಲಿ ಬಂದಿರಲಾರದು. ನನಗೆ ಆರು ವರ್ಷವಾಗಿದ್ದಾಗ ಅವರು ಮನೆ ಬಿಟ್ಟರು. ಈಗ ನನಗೆ ನಲವತ್ನಾಲ್ಕು. ಇಲ್ಲಿನ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ.

ಆ ಆಶ್ರಮ ಮಾರ್ಚ್ ಕೊನೆಗೆ ಮುಚ್ಚುತ್ತದೆ. ಒಂದೋ ನಾನು ಅವರನ್ನು ಮನೆಗೆ ಕರೆತರಬೇಕು, ಇಲ್ಲವೇ ಬ್ಯಾರೋದಲ್ಲಿ ಒಂದು ಹಾಸಿಗೆ ಇದೆಯಂತೆ, ಅಲ್ಲಿಗೆ ಕಳಿಸುತ್ತಾರೆ. ಇಲ್ಲಿಂದ ಐದು ಗಂಟೆಯ ದಾರಿ. ಮಾರ್ಚ್ ಹತ್ತರೊಳಗೆ ನಾನು ಹೂಂ ಅಥವಾ ಊಹೂಂ ಎನ್ನಬೇಕು.

ಹೋದ ವಾರ ಹೋಗಿ ಎದುರು ಕೂತೆ. ಮೂವತ್ತೆಂಟು ವರ್ಷಗಳ ಮೇಲೆ. "ನಂಗೇನಾದ್ರೂ ಹೇಳೋದಿದ್ಯಾ?" ಎಂದು ಕೇಳಿದೆ. "ಹೇಳೋದೆಲ್ಲ ಹಾಡಲ್ಲಿ ಹೇಳಿದೀನಲ್ಲ, ಕೇಳ್ಕೋ," ಎಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು.

ನಾನು ಅವರ ಒಂದು ಹಾಡನ್ನೂ ಕೇಳಿಲ್ಲ. ರೇಡಿಯೋದಲ್ಲಿ ಅವರ ದನಿ ಬಂದರೆ ಅಮ್ಮ ಆರಿಸುತ್ತಿದ್ದಳು. ಅಂಗಡಿಯಲ್ಲಿ ಬಂದರೆ ಬುಟ್ಟಿಯನ್ನು ಅಲ್ಲೇ ಇಟ್ಟು ನನ್ನ ಕೈಹಿಡಿದು ಹೊರಗೆ ನಡೆಯುತ್ತಿದ್ದಳು. ಈಗ ಅವಳೂ ಇಲ್ಲ. ಲೈಬ್ರರಿಯಲ್ಲಿ ವಿಚಾರಿಸಿದರೆ ನಲವತ್ತಮೂರು ರೆಕಾರ್ಡುಗಳಿವೆ ಎಂದರು. ನನಗೆ ಅಷ್ಟು ಪುರುಸೊತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು, ಅಷ್ಟು ತಿಳಿಸಿ. ಅವರು ಹೇಳಿರುವುದು ಏನಾದರೂ ಇದ್ದರೆ ಕೇಳಿಯೇ ತೀರ್ಮಾನಿಸುತ್ತೇನೆ.

ಮ್ಯಾಕ್ಸೀನ್ ಪೆಲ್


ಕಾರ್ಲೈಲ್
16 ಜನವರಿ 2009

ಮ್ಯಾಕ್ಸೀನ್ ಅವರೇ,

ನಿಮ್ಮ ಪತ್ರ ಓದಿ ಚಹಾ ಆರಿಹೋಯಿತು, ಮತ್ತೆ ಕಾಯಿಸಿದೆ, ಅದೂ ಆರಿತು. ಗಾರ್ಸೈಡ್ ಅವರ ಮಗಳು! ನಮ್ಮ ಬಳಗದಲ್ಲಿ ಇನ್ನೂರ ಹನ್ನೆರಡು ಜನರಿದ್ದೇವೆ, ಒಬ್ಬರಿಗೂ ನಾನು ಇದನ್ನು ಹೇಳಿಲ್ಲ. ಹೇಳಿದರೆ ನಿಮ್ಮ ಬಾಗಿಲಲ್ಲಿ ಸಾಲು ನಿಲ್ಲುತ್ತಾರೆ.

ಎಲ್ಲಿಂದ ಶುರು ಮಾಡಬೇಕು ಎನ್ನುವುದು ನಮ್ಮಲ್ಲಿ ಜಗಳದ ವಿಷಯ. ಮೊದಲ ಐದು ರೆಕಾರ್ಡುಗಳ ಆಚೆ ಏನೂ ಇಲ್ಲ ಎನ್ನುವವರು ಒಂದು ಕಡೆ, ಆ ಐದು ಬರೀ ಹುಡುಗಾಟ ಎನ್ನುವವರು ಇನ್ನೊಂದು ಕಡೆ. ಇದೇ ಕಾರಣಕ್ಕೆ ಲೀಡ್ಸ್‌ನ ಇಬ್ಬರು ಷಡ್ಡಕರು ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ, ಕ್ರಿಸ್ಮಸ್ ಊಟದಲ್ಲೂ ಉಪ್ಪು ಬೇಕಾದರೆ ಹೆಂಡತಿಯರ ಮೂಲಕ ಕೇಳುತ್ತಾರೆ.

ನನ್ನ ಮಾತು ಕೇಳಿ. ಮೊದಲ ರೆಕಾರ್ಡಿನಿಂದ ಹೊರಡಬೇಡಿ, ಅದರಲ್ಲಿ ಅವರು ಅಮೆರಿಕದವರ ಹಾಗೆ ಮೂಗಿನಲ್ಲಿ ಹಾಡುತ್ತಾರೆ. ಎಂಬತ್ತರ ದಶಕದ ನಡುವಿನ ರೆಕಾರ್ಡುಗಳನ್ನು ಮುಟ್ಟಲೇಬೇಡಿ, ಆಗ ಯಾರೋ ಅವರಿಗೆ ಡ್ರಮ್ ಬಾರಿಸುವ ಯಂತ್ರ ಗಂಟುಹಾಕಿದ್ದರು. ನಾನೇ ನಿಮಗಾಗಿ ಒಂದು ಕ್ಯಾಸೆಟ್ಟು ಜೋಡಿಸಿ ಕಳಿಸುತ್ತಿದ್ದೇನೆ, ಹದಿನಾಲ್ಕು ಹಾಡು. ಒಂದೇ ವಿನಂತಿ: ಇಟ್ಟ ಕ್ರಮದಲ್ಲೇ ಕೇಳಿ. ಹಾಡಿನ ಹೆಸರು ಬರೆದಿದ್ದೇನೆ, ಇಸವಿ ಬರೆದಿಲ್ಲ. ಮೂವತ್ತೊಂದು ವರ್ಷ ನಾನು ಬಸ್ಸಿನ ಇನ್‌ಸ್ಪೆಕ್ಟರ್ ಆಗಿದ್ದವನು. ಹೊಸ ಪ್ರಯಾಣಿಕರ ಕೈಗೆ ಪೂರಾ ವೇಳಾಪಟ್ಟಿ ಕೊಟ್ಟರೆ ಅವರು ನಡೆದೇ ಹೋಗುತ್ತಾರೆ.

ಹೇಗಿದ್ದಾರೆ ಅವರು? ನಾನು ನೋಡಿ ವರ್ಷಗಳೇ ಆದವು. ಬ್ಯಾರೋ ಅವರಿಗೆ ತಕ್ಕ ಜಾಗವಲ್ಲ ತಾಯಿ. ಅಲ್ಲಿ ಅವರಿಗೆ ಯಾರೂ ಇಲ್ಲ.

ನಿಮ್ಮ
ನಾರಿಸ್ ಟಲ್ಲಿ


ಗ್ರಿಮ್ಸ್‌ಬಿ
2 ಫೆಬ್ರವರಿ 2009

ಟಲ್ಲಿಯವರೇ,

ಶಾಲೆಯ ಅಡುಗೆಮನೆಯಲ್ಲಿ ಒಂದು ಹಳೇ ಟೇಪ್ ರೆಕಾರ್ಡರ್ ಇದೆ. ಆಲೂಗಡ್ಡೆ ಸುಲಿಯುವಾಗ ಹಾಕಿದೆ. ನನ್ನ ಜೊತೆ ಕೆಲಸ ಮಾಡುವ ಥೆಲ್ಮಾ ಎರಡು ಹಾಡು ತಡೆದುಕೊಂಡಳು. "ಯಾರೇ ಇವ್ನು, ಹಲ್ಲುನೋವು ಬಂದೋನ ಥರ ಹಾಡ್ತಾನೆ?" ಎಂದಳು. ನಮ್ಮಪ್ಪ ಎಂದೆ. "ಹಂಗಾದ್ರೆ ಡಾಕ್ಟ್ರಿಗೆ ತೋರ್ಸು," ಎಂದಳು.

ನನಗೂ ಮೊದಲು ಇಷ್ಟವಾಗಲಿಲ್ಲ. ಗಿಟಾರು ಜೋರು, ಮಾತು ಅರ್ಧ ಕೇಳುವುದಿಲ್ಲ. ಆದರೆ ಐದನೆಯದು, 'ಗುಂಡಿ ಇಲ್ಲದ ಕೋಟು', ಅದನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದೆ. ಯಾವ ಬಾಗಿಲ ಹಿಂದೆ ಬಿಟ್ಟುಬಂದೆ ನಿನ್ನ, ಎದೆಯ ಹತ್ತಿರ ಗಾಳಿ ನುಗ್ಗುತ್ತಿರಬಹುದು ಈಗ, ಎನ್ನುವ ಸಾಲಿನಲ್ಲಿ ಕೈ ನಿಂತಿತು.

ನನಗೆ ಅಂಥದೊಂದು ಕೋಟಿತ್ತು. ಶಾಲೆಗೆ ಸೇರಿದ ವರ್ಷದ್ದು. ಮೇಲಿನ ಗುಂಡಿ ಹೋಗಿತ್ತು, ಅಮ್ಮ ಹೊಲಿಯಲೇ ಇಲ್ಲ. ನಾನು ಅಲ್ಲಿ ಕೈಯಿಟ್ಟುಕೊಂಡು ನಡೆಯುತ್ತಿದ್ದೆ. ಅವರಿಗೆ ಅದು ನೆನಪಿರುತ್ತದೆ ಎಂದುಕೊಂಡಿರಲಿಲ್ಲ.

ಆ ಹಾಡು ಯಾವ ವರ್ಷದ್ದು?

ಮ್ಯಾಕ್ಸೀನ್


ಕಾರ್ಲೈಲ್
7 ಫೆಬ್ರವರಿ 2009

ಪ್ರಿಯ ಮ್ಯಾಕ್ಸೀನ್,

ಥೆಲ್ಮಾ ಅವರಿಗೆ ನನ್ನ ನಮಸ್ಕಾರ. ಹಲ್ಲುನೋವಿನ ಮಾತನ್ನು ಬಳಗದ ಮುಂದಿನ ಸಭೆಯಲ್ಲಿ ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ.

ಇಸವಿಗಳೆಲ್ಲ ನಮ್ಮಂಥ ಹುಚ್ಚರಿಗೆ. ಯಾವ ವರ್ಷ, ಯಾವ ಸ್ಟುಡಿಯೋ, ಯಾರ ಬಾಸ್ ಗಿಟಾರು ಎಂದು ಲೆಕ್ಕ ಹಾಕುತ್ತಾ ನಾವು ಹಾಡು ಕೇಳುವುದನ್ನೇ ಮರೆತಿದ್ದೇವೆ. ನೀವು ಹಾಗಾಗಬೇಡಿ. ನಿಮ್ಮ ಕೈ ನಿಂತಿತಲ್ಲ, ಅಲ್ಲಿಂದಲೇ ನಿಮ್ಮ ಶುರು.

ಎರಡನೆಯ ಕ್ಯಾಸೆಟ್ಟು ಇದರೊಂದಿಗಿದೆ. 'ಕೊನೆಯ ಸ್ಟಾಪಿನ ಹುಡುಗಿ'ಯ ಪಿಯಾನೋ ನಿಲ್ಲುವಾಗ ಎದ್ದು ಹೋಗಬೇಡಿ. ಅದು ನಿಂತ ಮೇಲೆ ಬರುವುದು 'ತಪ್ಪು ನನ್ನದೇ'. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಬೇಕು.

ನಾರಿಸ್


ಗ್ರಿಮ್ಸ್‌ಬಿ
1 ಮಾರ್ಚ್ 2009

ಪ್ರಿಯ ನಾರಿಸ್,

ಎರಡನೆಯ ಕ್ಯಾಸೆಟ್ಟನ್ನು ಬಂದಾಗಿನಿಂದ ದಿನವೂ ಕೇಳಿದ್ದೇನೆ. ಬಸ್ಸಿನ ಕೊನೆಯ ಸ್ಟಾಪಿನಲ್ಲೇ ನಮ್ಮ ಹಳೆಯ ಮನೆ. ಕಿಟಕಿಗೆ ಮೂಗು ಒತ್ತಿ ನಿಲ್ಲುವ ಹುಡುಗಿ ನಾನೇ. ಪಿಯಾನೋ ನಿಂತು, ಒಂದು ಕ್ಷಣ ಏನೂ ಇಲ್ಲದೆ, ಆಮೇಲೆ ಅವರ ದನಿ, ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ ಎಂದು. ಸಾರಿನ ಪಾತ್ರೆಗೆ ಕಣ್ಣೀರು ಬೀಳುತ್ತೆ ಕಣೇ ಎಂದು ಥೆಲ್ಮಾ ನನ್ನನ್ನು ಒಲೆಯ ಹತ್ತಿರದಿಂದ ಎಳೆದಳು.

ಅವರು ಹೇಳಿದ್ದರು, ನಾರಿಸ್. ಹಾಡುತ್ತಲೇ ಇದ್ದರು. ರೇಡಿಯೋ ಆರಿಸಿದವರು ನಾವು.

ನನ್ನ ಗಂಡ ಟ್ರೆವರ್‌ಗೆ ಸಮಾಧಾನವಿಲ್ಲ. "ನಲವತ್ ವರ್ಷ ಒಂದು ಕಾರ್ಡ್ ಹಾಕದ ಮನುಷ್ಯ. ಈಗ ಒಂದು ಕೋಟಿನ ಹಾಡು ಕೇಳಿ ಮುಂದಿನ ರೂಮು ಬಿಟ್ಕೊಡ್ಬೇಕಾ?" ಎಂದ. "ನೀನು ಕೇಳಿಲ್ಲ, ಸುಮ್ನಿರು," ಎಂದೆ. "ನಿಮ್ಮಮ್ಮ ಕೇಳಿದ್ಲು. ಅದಕ್ಕೇ ಆರಿಸ್ತಿದ್ಲು," ಎಂದ. ಅಂದು ಅವನಿಗೆ ಊಟ ಬಡಿಸಲಿಲ್ಲ.

ನಾಳೆ ಹೋಗಿ ಹೂಂ ಎಂದು ಸಹಿ ಹಾಕುತ್ತೇನೆ. ನಿಮ್ಮ ಋಣ ದೊಡ್ಡದು.

ಮ್ಯಾಕ್ಸೀನ್


ಕಾರ್ಲೈಲ್
5 ಮಾರ್ಚ್ 2009

ಪ್ರಿಯ ಮ್ಯಾಕ್ಸೀನ್,

ಬಹಳ ಸಂತೋಷ.

ಒಂದು ಮಾತು. ಹಾಡುಗಳ ಬಗ್ಗೆ ಅವರನ್ನು ಕೇಳಲು ಹೋಗಬೇಡಿ. ಅದು ಅವರಿಗೆ ಆಯಾಸ. ಕಲಾವಿದರು ಹಾಗೇ ಇರುತ್ತಾರೆ.

ನಾರಿಸ್


ಗ್ರಿಮ್ಸ್‌ಬಿ
19 ಏಪ್ರಿಲ್ 2009

ಶ್ರೀ ಟಲ್ಲಿ,

ನನ್ನ ತಂದೆ ಈ ಮನೆಗೆ ಬಂದು ಮೂರು ವಾರ. ನನ್ನ ಹೆಸರು ಅವರಿಗೆ ನಿಲ್ಲುವುದಿಲ್ಲ. ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅಮ್ಮನ ಹೆಸರು ಹೇಳಿದರೆ, ಯಾವ ಊರಿನವಳು ಎನ್ನುತ್ತಾರೆ. ತಲೆಯಲ್ಲಿ ಏನೂ ಉಳಿದಿಲ್ಲ ಎಂದುಕೊಂಡಿದ್ದೆ.

ಹೋದ ಭಾನುವಾರ ಮಧ್ಯಾಹ್ನ ಮೊಟ್ಟೆ ಬಿಡಿಸಿ ತಿನ್ನಿಸುತ್ತಿದ್ದೆ. ನೀವು ಬೇಡ ಎಂದದ್ದು ನೆನಪಿತ್ತು. ಆದರೂ ತಡೆಯಲಾಗಲಿಲ್ಲ. "ಅಪ್ಪಾ, ಆ ಕೋಟಿನ ಹಾಡು ನಂಗೆ ತುಂಬಾ ಇಷ್ಟ ಆಯ್ತು," ಎಂದೆ.

ಬೆನ್ನು ನೆಟ್ಟಗಾಯಿತು. ಕಣ್ಣು ಹೊಳೆದವು.

"ಅರವತ್ಮೂರು, ನವೆಂಬರ್," ಎಂದರು. "ಬಾಸ್ ಬಾರಿಸಿದ್ದು ಲಾಯ್ಡ್. ಕುಡ್ದಿದ್ದ ಬಡ್ಡೀಮಗ. ಎರಡ್ನೇ ಸಾಲಲ್ಲಿ ಜಾರ್ತಾನೆ, ಕಿವಿಗೊಟ್ಟು ಕೇಳು."

ನಾನು ಹುಟ್ಟಿದ್ದು ಅರವತ್ನಾಲ್ಕರ ಆಗಸ್ಟ್.

"ಯಾರ ಮೇಲೆ ಬರ್ದಿದ್ದಪ್ಪಾ?"

"ಯಾರ ಮೇಲೆ ಅಂದ್ರೆ? ಕೋಟಿನ ಮೇಲೆ! ನನ್ ಕೋಟು. ಒಂಟೆ ಬಣ್ಣದ್ದು, ದಪ್ಪ ಉಣ್ಣೆ. ಡಾನ್‌ಕ್ಯಾಸ್ಟರಲ್ಲಿ ಪಬ್ಬಲ್ಲಿ ಬಿಟ್ಟುಬಂದೆ. ವಾಪಸ್ ಹೋಗೋಷ್ಟ್ರಲ್ಲಿ ಯಾವನೋ ಹಾಕ್ಕೊಂಡೋಗಿದ್ದ. ಅಂಥ ಕೋಟು ಮತ್ತೆ ಸಿಗ್ಲೇ ಇಲ್ಲ ನೋಡು."

ಅಷ್ಟು ಹೇಳಿ ಅತ್ತರು. ನನ್ನ ತಂದೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಮಿಕ್ಕವನ್ನೂ ಕೇಳಿದೆ. 'ಕೊನೆಯ ಸ್ಟಾಪಿನ ಹುಡುಗಿ' ಯಾವುದೋ ಬಿಸ್ಕತ್ತಿನ ಜಾಹೀರಾತಿಗೆ ಬರೆದದ್ದಂತೆ, ಕಂಪನಿಯವರು ಬೇಡವೆಂದರಂತೆ. 'ತಪ್ಪು ನನ್ನದೇ' ಎಂಬತ್ತೊಂದರದು. ಗಾರ್ಡನ್ ಎಂಬ ಡ್ರಮ್ಮರನ್ನು ವಾದ್ಯತಂಡದಿಂದ ತೆಗೆದುಹಾಕಿ, ಆಮೇಲೆ ಬೇಜಾರಾಗಿ ಬರೆದದ್ದು. ಅವನಿಗೆ ಹೂವನ್ನೂ ಕಳಿಸಿದ್ದರಂತೆ.

ಲೈಬ್ರರಿಯಿಂದ ಪಟ್ಟಿ ತಂದು ನಿಮ್ಮ ಹಾಡುಗಳ ಮುಂದೆ ಇಸವಿ ಬರೆದೆ. ಅರವತ್ಮೂರು, ಎಪ್ಪತ್ತೈದು, ಅರವತ್ತೆಂಟು, ಎಂಬತ್ತೊಂದು, ಮತ್ತೆ ಅರವತ್ತೇಳು. ಅವರು ನಮ್ಮನ್ನು ಬಿಟ್ಟುಹೋದದ್ದು ಎಪ್ಪತ್ತರಲ್ಲಿ. ಆ ವರ್ಷದ ಒಂದು ಹಾಡನ್ನೂ ನೀವು ಹಾಕಿಲ್ಲ. ಆ ರೆಕಾರ್ಡನ್ನು ತಂದು ಕೇಳಿದೆ. ಅದರ ಹೆಸರು 'ರಜೆ'. ಹನ್ನೆರಡು ಹಾಡು, ಹನ್ನೆರಡೂ ಕುಣಿಯುವಂಥವು. ಟ್ರೆವರ್ ಕೂಡ ಕಾಲು ಕುಣಿಸಿದ, ನಾನು ನೋಡಿದ್ದು ಕಂಡು ನಿಲ್ಲಿಸಿದ.

ನಿಮಗೆ ಗೊತ್ತಿತ್ತೇ?

ಮ್ಯಾಕ್ಸೀನ್ ಪೆಲ್


ಕಾರ್ಲೈಲ್
24 ಏಪ್ರಿಲ್ 2009

ಮ್ಯಾಕ್ಸೀನ್,

ಗೊತ್ತಿತ್ತು.

ಎಂಬತ್ನಾಲ್ಕರಲ್ಲಿ ಪ್ರೆಸ್ಟನ್ ಊರಿನಲ್ಲಿ, ಸಂಗೀತ ಕಛೇರಿ ಮುಗಿದ ಮೇಲೆ, ಕೋಟಿನ ಬಗ್ಗೆ ನಾನೇ ಅವರನ್ನು ಕೇಳಿದ್ದೆ. ನಿಮಗೆ ಹೇಳಿದ್ದನ್ನೇ ಹೇಳಿದರು. ನಾನು ಅದನ್ನು ಪತ್ರಿಕೆಯಲ್ಲಿ ಹಾಕಲಿಲ್ಲ. ನಮ್ಮ ಬಳಗದ ಒಬ್ಬರು ಆ ಹಾಡನ್ನು ಹೆಂಡತಿಯ ಶವಪೆಟ್ಟಿಗೆಯ ಮುಂದೆ ಹಾಕಿಸಿದ್ದರು. ಅವರಿಗೆ ಇದು ಒಂಟೆ ಬಣ್ಣದ ಕೋಟು ಎಂದು ಹೇಗೆ ಹೇಳುವುದು? 'ಹೇಳೋದೆಲ್ಲ ಹಾಡಲ್ಲಿದೆ' ಎನ್ನುವುದೂ ಅಷ್ಟೆ. ಪ್ರಶ್ನೆ ಕೇಳಿದ ಪ್ರತಿ ಪತ್ರಕರ್ತನಿಗೂ ಅವರು ನಲವತ್ತು ವರ್ಷ ಕೊಟ್ಟ ಉತ್ತರ ಅದು.

ನಾನು ಒಂದು ಪದವನ್ನೂ ಬದಲಿಸಿಲ್ಲ. ಹಿಂದಿನದನ್ನು ಮುಂದೆ ಇಟ್ಟೆ, ಮುಂದಿನದನ್ನು ಹಿಂದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಇದರ ಸ್ಪರ್ಧೆಯೇ ಇದೆ. ಬೇರೆ ಬೇರೆ ಕಾಲದ ಹಾಡು ಜೋಡಿಸಿ, ಅವರು ಎಂದೂ ಮಾಡದ ಒಂದು ರೆಕಾರ್ಡನ್ನು ಕಟ್ಟುವುದು. ನಾಲ್ಕು ಸಲ ನಾನು ಗೆದ್ದಿದ್ದೇನೆ. ನಿಮ್ಮ ಮೊದಲ ಪತ್ರ ಬಂದಾಗ, ಮಗಳ ಹತ್ತಿರ ಕ್ಷಮೆ ಕೇಳುವ ಒಂದು ರೆಕಾರ್ಡು ಈ ನಲವತ್ತಮೂರರಲ್ಲಿ ಎಲ್ಲೋ ಚದುರಿ ಬಿದ್ದಿರಬೇಕು ಅನ್ನಿಸಿತು. ಹುಡುಕಿ ಜೋಡಿಸಿದೆ. ಜೋಡಿಸುವಾಗ ನಾನೂ ನಂಬಿದೆ, ಮ್ಯಾಕ್ಸೀನ್. ಇಷ್ಟು ಚೆನ್ನಾಗಿ ಕೂಡಿಕೊಳ್ಳುವಾಗ ಇದು ಸುಳ್ಳಾಗಿರಲು ಹೇಗೆ ಸಾಧ್ಯ ಎಂದು.

ಅವರಿಗೊಂದು ಮನೆ ಸಿಗಲಿ ಎಂದು ಮಾಡಿದೆ. ನಿಮಗೂ ಒಬ್ಬ ಅಪ್ಪ ಸಿಕ್ಕರೆ ಕೆಟ್ಟದ್ದೇನು ಎಂದುಕೊಂಡೆ.

ನಾರಿಸ್


ಗ್ರಿಮ್ಸ್‌ಬಿ
3 ಮೇ 2009

ಶ್ರೀ ಟಲ್ಲಿ,

ಸಿಕ್ಕಿದ್ದರು. ಆರು ವಾರ. ಇಲ್ಲದಾಗ ಇಷ್ಟು ನೋಯುತ್ತಿರಲಿಲ್ಲ.

ಈಗ ನನ್ನ ಮಾತು ಕೇಳಿ. ನೀವೇ ಅವರನ್ನು ಕರೆದುಕೊಂಡು ಹೋಗಿ. ಅವರಿಗೆ ಮಾತು ಬರುವುದು ಹಾಡಿನ ವಿಷಯಕ್ಕೆ ಮಾತ್ರ, ನಿಮಗೂ ಅಷ್ಟೆ. ಬೆಳಿಗ್ಗೆ ಎಬ್ಬಿಸಲು ಇಬ್ಬರು ಬೇಕು. ಗಂಜಿ ತೆಳ್ಳಗಿರಬೇಕು, ಇಲ್ಲದಿದ್ದರೆ ಗಂಟಲಿಗೆ ಸಿಕ್ಕುತ್ತದೆ. ಉಗುರು ಕತ್ತರಿಸುವಾಗ ಹೊಡೆಯುತ್ತಾರೆ. ಮಾತಾಡಿಸಿದರೆ ಲಾಯ್ಡ್ ಕುಡಿದಿದ್ದ ಕಥೆ ಹೇಳುತ್ತಾರೆ, ನೀವು ಬರೆದುಕೊಳ್ಳಬಹುದು. ನಿಮ್ಮ ಬಳಗದಲ್ಲಿ ಇನ್ನೂರ ಹನ್ನೆರಡು ಜನ. ಒಬ್ಬೊಬ್ಬರ ಪಾಲಿಗೆ ವರ್ಷಕ್ಕೆ ಎರಡು ದಿನವೂ ಬರುವುದಿಲ್ಲ.

ಅದಾಗದಿದ್ದರೆ ಬ್ಯಾರೋದ ಹಾಸಿಗೆ ಇನ್ನೂ ಖಾಲಿಯಿದೆ ಎಂದು ತಿಳಿದುಕೊಂಡಿದ್ದೇನೆ. ನಕ್ಷೆ ನೋಡಿದೆ. ನಿಮ್ಮ ಊರಿನಿಂದ ಎರಡೂವರೆ ಗಂಟೆ. ಪ್ರತಿ ಭಾನುವಾರ ಹೋಗಿ ನೋಡುತ್ತೇನೆ ಎಂದು ಬರೆದುಕೊಡಿ, ಕಳಿಸುತ್ತೇನೆ. ಇಲ್ಲವೆಂದರೆ ಯಾಕೆ ಎಂದು ಬರೆಯಿರಿ.

ಮ್ಯಾಕ್ಸೀನ್ ಪೆಲ್


ಕಾರ್ಲೈಲ್
20 ಮೇ 2009

ಮ್ಯಾಕ್ಸೀನ್,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಮೊದಲ ಮೂರರಲ್ಲಿ ನನ್ನ ಮನೆ ಎರಡನೇ ಮಹಡಿಯಲ್ಲಿದೆ, ಸೊಂಟದ ಮೂಳೆ ಸರಿಯಿಲ್ಲ ಎಂದೆಲ್ಲ ಇತ್ತು. ಅದೆಲ್ಲ ನಿಜವೇ. ಆದರೆ ಕಾರಣ ಅದಲ್ಲ.

ಅವರನ್ನು ನೋಡಿ ವರ್ಷಗಳಾದವು ಎಂದು ಬರೆದಿದ್ದೆ. ಸುಳ್ಳು. ಹೋದ ಅಕ್ಟೋಬರಿನಲ್ಲಿ ಆಶ್ರಮಕ್ಕೆ ಹೋಗಿದ್ದೆ. ಮೂರು ಬಸ್ಸು ಬದಲಿಸಿ ಹೋದೆ, ಒಳ್ಳೆಯ ಟೈ ಕಟ್ಟಿಕೊಂಡು. ಅವರ ಅಂಗಿಯ ಕಾಲರಿನಲ್ಲಿ ಮೊಟ್ಟೆಯ ಕಲೆ ಇತ್ತು. ನನ್ನನ್ನು ನೋಡಿ, "ಬಕೆಟ್ ತಂದ್ಯಾ? ಎಷ್ಟ್ ಹೊತ್ತಿಂದ ಕೂಗ್ತಿದೀನಿ," ಎಂದರು. ನಾನು ನಾರಿಸ್, ಪತ್ರಿಕೆಯ ನಾರಿಸ್ ಎಂದೆ. "ಯಾರಾದ್ರೇನು, ಬಕೆಟ್ ತಾ," ಎಂದರು. ತಂದುಕೊಟ್ಟೆ. ಬಂದು ಬಸ್ಸು ಹತ್ತಿದೆ. ಮನೆಗೆ ಬಂದು ಎಪ್ಪತ್ತೆರಡರ ರೆಕಾರ್ಡು ಹಾಕಿ ಕೂತೆ. ಅದರಲ್ಲಿ ಅವರಿಗೆ ಮೂವತ್ನಾಲ್ಕು ವರ್ಷ. ಅವರನ್ನು ಮತ್ತೆ ಆಶ್ರಮದಲ್ಲಿ ಕಂಡ ಹಾಗೆ ನೋಡಲು ನನ್ನಿಂದ ಆಗುವುದಿಲ್ಲ.

ಅವರು ಬ್ಯಾರೋಗೆ ಬಂದಿದ್ದರೆ ಹೋಗದಿರಲು ನನಗೆ ನೆಪವಿರುತ್ತಿರಲಿಲ್ಲ. ಗ್ರಿಮ್ಸ್‌ಬಿ ದೂರ. ಇದನ್ನು ಬರೆದುಬಿಟ್ಟಿದ್ದೇನೆ. ನೀವು ಏನೆಂದರೂ ಸರಿ.

ನಾರಿಸ್ ಟಲ್ಲಿ


ಗ್ರಿಮ್ಸ್‌ಬಿ
14 ಜೂನ್ 2009

ಶ್ರೀ ಟಲ್ಲಿ,

ನೀವು ಬರೆದುಕೊಡಲಿಲ್ಲ, ಆದರೂ ಕಳಿಸಲು ಒಪ್ಪಿದೆ. ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಬ್ಯಾರೋದಿಂದ ವ್ಯಾನು ಬಂತು.

ಹಿಂದಿನ ದಿನವೆಲ್ಲ ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಯಾಕೆ ಕಳಿಸುತ್ತಿದ್ದೇನೆ ಎಂದು ಅವರಿಗೆ ಹೇಳಬೇಕು, ಅರ್ಥವಾಗಲಿ ಬಿಡಲಿ ಹೇಳಲೇಬೇಕು ಎಂದು. ಒಂದು ಸಲವಾದರೂ ಯಾರಾದರೂ ಅವರಿಗೆ ಹೇಳಿದಂತಾಗಲಿ ಎಂದು. ಹೇಳಬೇಕಾಗಲಿಲ್ಲ.

ವ್ಯಾನಿನ ಹಾರ್ನ್ ಕೇಳುತ್ತಲೇ ಕುರ್ಚಿಯಿಂದ ತಾವೇ ಎದ್ದರು. ಟ್ರೆವರ್ ಕೈಕೊಡಲು ಓಡಿದ, ತಳ್ಳಿದರು. ಬಾಚಣಿಗೆ ಕೇಳಿ ತಲೆ ಬಾಚಿಕೊಂಡರು. ಬಾಗಿಲಲ್ಲಿ ನಿಂತ ಚಾಲಕನಿಗೆ, "ಎಷ್ಟ್ ಮೈಲಿ?" ಎಂದರು.

"ಇನ್ನೂರರ ಹತ್ರ ಹತ್ರ, ಸರ್."

"ಊಟ ಅವರದೋ ನಮ್ದೋ?"

ಚಾಲಕ ನನ್ನ ಮುಖ ನೋಡಿದ. "ಅವರದೇ, ಸರ್," ಎಂದ.

"ಮತ್ತೆ ನಿಂತ್ಕೊಂಡಿದೀಯಲ್ಲ? ಹೊರಡು."

ಹಿಂದೆ ಮಲಗುವ ಹಾಸಿಗೆ ಸಿದ್ಧವಾಗಿತ್ತು. ಬೇಡವೆಂದರು. ಮುಂದಿನ ಸೀಟೇ ಬೇಕೆಂದು ಹತ್ತಿ ಕೂತರು, ಕಿಟಕಿಯ ಗಾಜು ಇಳಿಸಿಕೊಂಡು, ಮೊಣಕೈ ಹೊರಗಿಟ್ಟು. ಇಷ್ಟು ದಿನದಲ್ಲಿ ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ಏನು ನೋಡಿದ್ದಳೋ ಅದನ್ನೇ ನಾನು ನೋಡಿದೆ ಎಂದುಕೊಳ್ಳುತ್ತೇನೆ. ಅವರು ನಮ್ಮನ್ನು ದ್ವೇಷಿಸಿ ಹೋದರೆಂದು ನಾನು ಬೆಳೆದೆ, ನೊಂದು ಹೋದರೆಂದು ನೀವು ಹಾಡು ಜೋಡಿಸಿದಿರಿ. ಎರಡೂ ಅಲ್ಲ. ಅಂದೂ ವಾದ್ಯತಂಡದ ವ್ಯಾನು ಬಂದಿತ್ತು, ಅಷ್ಟೆ.

ನಾನು ಕಿಟಕಿಯ ಹತ್ತಿರ ಹೋದೆ. ನನ್ನ ಕೈಯನ್ನು ಹಿಡಿದು ಒಮ್ಮೆ ಕುಲುಕಿದರು.

"ರೂಮು ಚೆನ್ನಾಗಿತ್ತಮ್ಮಾ," ಎಂದರು. "ಬೆಳಗ್ಗಿನ ತಿಂಡೀನೂ. ಈ ಕಡೆ ಮತ್ತೆ ಕಾರ್ಯಕ್ರಮ ಬಿದ್ರೆ ನಿಮ್ಮಲ್ಲೇ ಇಳ್ಕೋತೀವಿ."

ಆಗಲಿ ಎಂದೆ.

ಮ್ಯಾಕ್ಸೀನ್ ಪೆಲ್